ಗಿಟಾರ್ ಮಾರುವ ಮುಂಚೆ ತಂತಿ ಬದಲಾಯಿಸಿ!

ಸಿನಿಮಾ ಹೀರೋ ಕೈಯಲ್ಲಿರೋ ಗಿಟಾರ್ ಇದೆಯಲ್ಲ, ಅದರಷ್ಟು ಪುಣ್ಯವಂತ ವಾದ್ಯ ಭೂಮಿ ಮೇಲೆ ಇನ್ನೊಂದಿಲ್ಲ. ಮಳೆಯಲ್ಲಿ ನೆನೆದರೂ ಶ್ರುತಿ ತಪ್ಪದು. ಬೆಟ್ಟದ ಮೇಲಿಂದ ಉರುಳಿದರೂ ತಂತಿ ತುಂಡಾಗದು. ನಾಯಕಿಯ ಕಡೆ ನೋಡುತ್ತಾ ಸುಮ್ಮನೆ ಕೈ ಆಡಿಸಿದರೆ ಸಾಕು, ಗಿಟಾರಿನ ಜೊತೆಗೆ ಇಪ್ಪತ್ತು ಪಿಟೀಲುಗಳೂ ಎಲ್ಲಿಂದಲೋ ಬಂದು ನುಡಿಯುತ್ತವೆ! ನಮ್ಮ ನಿಮ್ಮ ಮನೆಯ ಗಿಟಾರ್ ಹಾಗಲ್ಲ ಸ್ವಾಮಿ. ಕೊಂಡ ಹೊಸತರಲ್ಲಿ 'ಝಲ್' ಅನ್ನುತ್ತೆ, ಮೂರು ತಿಂಗಳಿಗೆ 'ಡಬ್' ಅನ್ನುತ್ತೆ, ಆರು ತಿಂಗಳಿಗೆ ಬೀರುವಿನ ಮೇಲೆ ಹೋಗಿ ಮಲಗುತ್ತೆ.

ದಾವಣಗೆರೆಯ ಓದುಗ ಮಿತ್ರರೊಬ್ಬರ ಪತ್ರ ಇದೇ ಗೋಳಿನದು. ಓವರ್‌ಟೈಮ್ ಮಾಡಿ, ದುಡ್ಡು ಕೂಡಿಸಿ ಗಿಟಾರ್ ಕೊಂಡಿದ್ದಾರೆ. ಈಗ ಅದು ಡಬ್ಬ ಬಡಿದ ಹಾಗೆ ಕೇಳಿಸುತ್ತಂತೆ, ಬೆರಳುಗಳಲ್ಲಿ ಗೆರೆ ಬಿದ್ದು ಉರಿಯುತ್ತಂತೆ. "ಬಂದಷ್ಟಕ್ಕೆ ಮಾರಿಬಿಡಲಾ?" ಅಂತ ಕೇಳಿದ್ದಾರೆ. ಮಾರಬೇಡಿ ಮಾರಾಯ್ರೇ! ಈ ವಾರದ ಅಂಕಣ ಪೂರ್ತಿ ನಿಮಗೇ.

ಮೊದಲು ಒಂದು ಮಾತು. 1982ರ ತಮಿಳು ಚಿತ್ರ 'ಪಯಣಂಗಳ್ ಮುಡಿವದಿಲ್ಲೈ'ಯಲ್ಲಿ ನಮ್ಮ 'ಕೋಕಿಲ' ಮೋಹನ್ ಗಿಟಾರ್ ಹಿಡಿದು 'ಇಳಯ ನಿಲಾ' ಹಾಡುವುದನ್ನು ನೋಡಿ ಎಷ್ಟು ಹುಡುಗರು ಗಿಟಾರ್ ಹುಚ್ಚು ಹಿಡಿಸಿಕೊಂಡರೋ ಲೆಕ್ಕವಿಲ್ಲ. ಆದರೆ ರೆಕಾರ್ಡಿಂಗಿನಲ್ಲಿ ಅದನ್ನು ನುಡಿಸಿದ್ದು ಆರ್. ಚಂದ್ರಶೇಖರ್ ಎಂಬ ಕಲಾವಿದರು. 1971ರ 'ಹರೇ ರಾಮ ಹರೇ ಕೃಷ್ಣ'ದ 'ದಮ್ ಮಾರೋ ದಮ್' ಹಾಡಿಗೆ ಗಿಟಾರ್ ಹಿಡಿದವರು ಗಾಯಕ ಭೂಪಿಂದರ್ ಸಿಂಗ್. ಇಷ್ಟೇಕೆ, 1976ರಲ್ಲಿ 'ಅನ್ನಕಿಳಿ' ಮಾಡುವ ಮುಂಚೆ ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಾ ಸಹಾಯಕರಾಗಿದ್ದವರು. ಪರದೆಯ ಮೇಲೆ ನೀವು ನೋಡುವುದು ಗಿಟಾರಿನ ಬಣ್ಣ. ಕೇಳುವುದು ಒಬ್ಬರ ಕೈ ಮತ್ತು ಆರು ತಂತಿ. ಕೈ ಪಳಗಲು ವರ್ಷಗಳು ಬೇಕು. ತಂತಿ ಬದಲಾಯಿಸಲು ಒಂದು ಗಂಟೆ ಸಾಕು.

ತಂತಿ ಸಾಯುತ್ತೆ ಕಣ್ರೀ, ನಿಜವಾಗಿ. ದಪ್ಪ ತಂತಿಯನ್ನು ಹತ್ತಿರದಿಂದ ನೋಡಿ. ಒಳಗೊಂದು ಉಕ್ಕಿನ ಎಳೆ, ಅದರ ಮೈಮೇಲೆ ಒತ್ತೊತ್ತಾಗಿ ಸುತ್ತಿದ ಕಂಚಿನ ಸಣ್ಣ ತಂತಿ. ಆ ಸುತ್ತುಗಳ ಸಂದಿಗೆ ಬೆವರು, ಕೈಯ ಜಿಡ್ಡು, ಧೂಳು ಎಲ್ಲ ಹೋಗಿ ಸೇರುತ್ತೆ. ತಂತಿಯನ್ನು ಒಮ್ಮೆ ಮೀಟಿದರೆ ಹುಟ್ಟುವುದು ಒಂದೇ ಸ್ವರ ಅಲ್ಲ. ಮೂಲ ಸ್ವರದ ಬೆನ್ನಿಗೇ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದಲ್ಲಿ ಕಂಪಿಸುವ ಸಣ್ಣ ಸಣ್ಣ ಸ್ವರಗಳೂ ಏಳುತ್ತವೆ. ಗಿಟಾರಿನ ಮಿಂಚು, ಝೇಂಕಾರ ಎಲ್ಲ ಇರುವುದು ಅವುಗಳಲ್ಲೇ. ಕೊಳೆ ಮೊದಲು ಕೊಲ್ಲುವುದು ಅವನ್ನೇ. ಉಳಿಯುವುದು ಬರೀ 'ಡಬ್'! ಜೊತೆಗೆ ಮೆಟ್ಟಿಲಿನ ಮೇಲೆ ಒತ್ತಿ ಒತ್ತಿ ತಂತಿಯ ಕೆಳಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಆಮೇಲೆ ನೀವು ಎಷ್ಟೇ ಶ್ರುತಿ ಕೂಡಿಸಿ, ಮೇಲಿನ ಮೆಟ್ಟಿಲುಗಳಿಗೆ ಹೋದರೆ ಅಪಸ್ವರ.

ಪರೀಕ್ಷೆ ಸುಲಭ. ತಂತಿಯ ಕೆಳಗೆ ಉಗುರು ಜಾರಿಸಿ ನೋಡಿ. ಮೆಟ್ಟಿಲು ಇರುವಲ್ಲಿ ಗುಳಿ ತಗುಲಿತೋ, ಕಂಚಿನ ಬಣ್ಣ ಹೋಗಿ ಕಪ್ಪಾಗಿದೆಯೋ, ತೆಳು ತಂತಿಗಳಲ್ಲಿ ತುಕ್ಕಿನ ಚುಕ್ಕೆ ಇದೆಯೋ, ಆ ತಂತಿಯ ಕಥೆ ಮುಗಿಯಿತು. ದಿನಕ್ಕೊಂದು ಗಂಟೆ ನುಡಿಸುವವರ ಸಾಧಾರಣ ತಂತಿ ಎರಡು ಮೂರು ತಿಂಗಳಿಗೆ ಹೀಗಾಗುತ್ತೆ. ಮಂಗಳೂರು, ಕಾರವಾರದ ಕಡೆಯವರಿಗೆ ಇನ್ನೂ ಬೇಗ. ಅಲ್ಲಿಯ ಗಾಳಿಯಲ್ಲೇ ಉಪ್ಪು. ಇನ್ನು ಹೊಸ ಗಿಟಾರಿನ ತಂತಿಯೂ ಹೊಸದು ಅಂತ ನಂಬಬೇಡಿ. ಅಂಗಡಿಯ ಗೋಡೆಯಲ್ಲಿ ಅದು ಎಷ್ಟು ತಿಂಗಳಿಂದ ನೇತಾಡುತ್ತಿತ್ತೋ ಯಾರಿಗೆ ಗೊತ್ತು!

ಸರಿ, ಯಾವ ತಂತಿ ಕೊಳ್ಳಬೇಕು? ಅಂಗಡಿಗೆ ಹೋಗಿ "ಒಳ್ಳೇ ಸೌಂಡ್ ಬರೋದು ಕೊಡಿ" ಅಂದಿರೋ, ಕೆಟ್ಟಿರಿ. ಮೊದಲು ನಿಮ್ಮ ಗಿಟಾರಿನ ಜಾತಕ ನೋಡಿ. ಅದು ನೈಲಾನ್ ತಂತಿಯದೋ, ಉಕ್ಕಿನ ತಂತಿಯದೋ?

ಇದು ಪ್ರಾಣಾಂತಿಕ ಪ್ರಶ್ನೆ. ನಿಮ್ಮ ಪ್ರಾಣ ಅಲ್ಲ, ಗಿಟಾರಿನದು. ತೆಳುವಾದ ಮೂರು ತಂತಿ ಮೀನಿನ ಗಾಳದ ದಾರದಂತೆ ಪಾರದರ್ಶಕವಾಗಿದ್ದು, ಕೆಳಗೆ ಬ್ರಿಜ್‌ಗೆ ಗಂಟು ಹಾಕಿ ಕಟ್ಟಿದ್ದರೆ ಅದು ಕ್ಲಾಸಿಕಲ್ ಗಿಟಾರ್, ನೈಲಾನಿನದು. ಯಮಹಾ ಸಿ40 ನೋಡಿದ್ದೀರಲ್ಲ, ಆ ಜಾತಿ. ಆರೂ ತಂತಿ ಲೋಹದವಾಗಿದ್ದು, ಬ್ರಿಜ್‌ನಲ್ಲಿ ಸಣ್ಣ ಗೂಟಗಳು ಅವನ್ನು ಒತ್ತಿ ಹಿಡಿದಿದ್ದರೆ ಉಕ್ಕಿನ ತಂತಿಯದು, ಯಮಹಾ ಎಫ್310ರ ಜಾತಿ. ಬ್ರಿಜ್ ಅಂದರೆ ನಮ್ಮ ವೀಣೆಯವರು ಕುದುರೆ ಅನ್ನುತ್ತಾರಲ್ಲ, ಅದೇ.

ಹಿಂದೆ ಕ್ಲಾಸಿಕಲ್ ಗಿಟಾರಿಗೆ ಹಾಕುತ್ತಿದ್ದದ್ದು ಪ್ರಾಣಿಗಳ ಕರುಳಿನಿಂದ ಹೊಸೆದ ತಂತಿ. ಎರಡನೇ ಮಹಾಯುದ್ಧದಲ್ಲಿ ಅದಕ್ಕೆ ಅಭಾವ ಬಂತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್, ಸ್ಪೇನಿನ ಮಹಾನ್ ವಾದಕ ಸೆಗೋವಿಯಾರ ಬೆಂಬಲದಿಂದ 1940ರ ದಶಕದಲ್ಲಿ ನೈಲಾನ್ ತಂತಿಯನ್ನು ಬಳಕೆಗೆ ತಂದರು. ಯುದ್ಧ ಮುಗಿಯಿತು, ನೈಲಾನ್ ಉಳಿಯಿತು!

ಉಕ್ಕಿನ ಒಂದು ಸಾಧಾರಣ ಸೆಟ್ ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಗಿಟಾರನ್ನು ಎಳೆಯುವ ಬಲ 70 ಕಿಲೋಗೂ ಮೇಲೆ. ಅಂದರೆ ಒಬ್ಬ ದಷ್ಟಪುಷ್ಟ ಆಸಾಮಿ ಹಗಲೂ ರಾತ್ರಿ ಆ ತೆಳು ಹಲಗೆಗೆ ಜೋತುಬಿದ್ದ ಹಾಗೆ. ನೈಲಾನ್ ಸೆಟ್ಟಿನದು ಸುಮಾರು ಅದರ ಅರ್ಧ. ಕ್ಲಾಸಿಕಲ್ ಗಿಟಾರನ್ನು ಕಟ್ಟಿರುವುದೇ ಆ ಅರ್ಧಕ್ಕೆ. ನನ್ನ ಸ್ನೇಹಿತನೊಬ್ಬನಿಗೆ ಅಂಗಡಿಯವರೊಬ್ಬರು "ಸ್ಟೀಲ್ ಹಾಕಿ, ಸೌಂಡ್ ಜೋರು ಬರುತ್ತೆ" ಅಂತ ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಬಿಗಿದು ಕೊಟ್ಟರು. ಸೌಂಡ್ ಜೋರಾಗಿಯೇ ಬಂತು.... ಮೇ ತಿಂಗಳ ಒಂದು ಮಧ್ಯಾಹ್ನ, ಬ್ರಿಜ್ ಕಿತ್ತು ಹಾರಿದಾಗ! ನೈಲಾನಿನವರು ನೈಲಾನನ್ನೇ ಕೊಳ್ಳಿ. ಪ್ಯಾಕೆಟ್ ಮೇಲೆ 'ನಾರ್ಮಲ್ ಟೆನ್ಷನ್' ಅಂತ ಇರಲಿ. ನಿಮಗೆ ಅಷ್ಟು ಸಾಕು. ಮುಂದಿನದು ಉಕ್ಕಿನವರಿಗೆ.

ಉಕ್ಕಿನ ತಂತಿಯಲ್ಲಿ ಮೊದಲ ವಿಚಾರ ದಪ್ಪ, ಅಂದರೆ ಗೇಜ್. ಪ್ಯಾಕೆಟ್ ಮೇಲೆ 10, 11, 12, 13 ಅಂತ ಇರುತ್ತಲ್ಲ, ಅದು ಅತಿ ತೆಳುವಾದ ಮೊದಲನೇ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. 10 ಎಂದರೆ ಎಕ್ಸ್‌ಟ್ರಾ ಲೈಟ್, 11 ಕಸ್ಟಮ್ ಲೈಟ್, 12 ಲೈಟ್, 13 ಮೀಡಿಯಂ. ಹೆಸರು ನೋಡಿ ಮೋಸ ಹೋಗಬೇಡಿ, 'ಲೈಟ್' ಅನ್ನುವ 12 ಹೊಸಬನ ಬೆರಳಿಗೆ ಲೈಟೇನೂ ಅಲ್ಲ!

ದಪ್ಪ ತಂತಿ ಹಲಗೆಯನ್ನು ಹೆಚ್ಚು ಅಲುಗಿಸುತ್ತೆ, ಸದ್ದು ದೊಡ್ಡದು, ಮಂದ್ರ ತುಂಬಿ ಬರುತ್ತೆ. ನಿಜ. ಆದರೆ ಒತ್ತಲು ಜೋರು ಬೇಕು. ಬೆರಳು ಸರಿಯಾಗಿ ಒತ್ತದಿದ್ದರೆ ಎಂಥ ತಂತಿಯೂ 'ಡಬ್' ಅನ್ನುವುದೇ. ದಾವಣಗೆರೆಯ ಮಿತ್ರರೇ, ನಿಮ್ಮ ಗಿಟಾರಿನಲ್ಲಿ ಈಗಿರುವುದು 12 ಇದ್ದರೆ 11 ಹಾಕಿ. ಆಗಲೂ ಬೆರಳು ಒಪ್ಪದಿದ್ದರೆ 10. ಸಪೂರ ತಂತಿ ಹಾಕಿಕೊಂಡರೆ ಗಂಡಸುತನಕ್ಕೆ ಕಮ್ಮಿ ಅಂತ ಗೆಳೆಯರು ಹಾಸ್ಯ ಮಾಡಿಯಾರು. ಮಾಡಲಿ ಬಿಡಿ. ಬೆರಳು ಉರಿಯದಿದ್ದರೆ ನೀವು ದಿನಕ್ಕೆ ಅರ್ಧ ಗಂಟೆ ಹೆಚ್ಚು ನುಡಿಸುತ್ತೀರಿ. ಸದ್ದು ಸುಧಾರಿಸುವುದು ಆ ಅರ್ಧ ಗಂಟೆಯಲ್ಲೇ. 13ರ ಮೀಡಿಯಂ ಮಾತ್ರ ಅಗ್ಗದ ಗಿಟಾರಿಗೆ ಬೇಡವೇ ಬೇಡ, ಹಲಗೆ ಹೊಟ್ಟೆ ಉಬ್ಬಿಸಿಕೊಳ್ಳುತ್ತೆ. 10ಕ್ಕಿಳಿದಾಗ ಕೆಲವು ಗಿಟಾರ್ 'ಗಿರ್ರ್' ಅನ್ನುವುದುಂಟು. ಆಗ ಮತ್ತೆ 11ಕ್ಕೆ ಬನ್ನಿ.

ಇನ್ನೊಂದು ವಿಷಯ ಅಳೆದು ನೋಡಿ. ಹನ್ನೆರಡನೇ ಮೆಟ್ಟಿಲಿನ ಮೇಲೆ ದಪ್ಪ ತಂತಿಗೂ ಮೆಟ್ಟಿಲಿಗೂ ನಡುವೆ ಎಷ್ಟು ಜಾಗ ಇದೆ? ಎರಡು, ಎರಡೂವರೆ ಮಿಲಿಮೀಟರ್ ಆದರೆ ಸರಿ. ಮೂರು ದಾಟಿತೋ, ಆ ಉರಿಗೆ ತಂತಿಯೊಂದೇ ಕಾರಣವಲ್ಲ. ರಿಪೇರಿಯವರ ಹತ್ತಿರ ಒಯ್ದು ತಗ್ಗಿಸಿಕೊಳ್ಳಿ.

ಎರಡನೆಯದು ಲೋಹ. ಪಿಯುಸಿಗೆ ಅರ್ಧಕ್ಕೇ ನಮಸ್ಕಾರ ಹೊಡೆದ ನನಗೆ ಲೋಹಶಾಸ್ತ್ರ ಎಲ್ಲಿಂದ ಬರಬೇಕು, ಆದರೂ ಕೇಳಿ. '80/20 ಬ್ರಾಂಜ್' ಅಂತ ಒಂದು ಬರುತ್ತೆ. ನೂರಕ್ಕೆ 80 ಪಾಲು ತಾಮ್ರ, 20 ಪಾಲು ಸತು. ತಾಮ್ರಕ್ಕೆ ಸತು ಸೇರಿದರೆ ಅದು ಹಿತ್ತಾಳೆ, ನಮ್ಮ ಅಜ್ಜಿಯೂ ಹೇಳಿಯಾಳು. ಆದರೂ ಪ್ಯಾಕೆಟ್ ಮೇಲೆ ಕಂಚು ಅಂತಲೇ ಬರೆಯುತ್ತಾರೆ! ಇದರ ಸದ್ದು ಚುರುಕು, ಹೊಳಪು. ಆದರೆ ಹೊಳಪು ಬೇಗ ಇಳಿಯುತ್ತೆ. 'ಫಾಸ್ಫರ್ ಬ್ರಾಂಜ್' ನಿಜವಾದ ಕಂಚು. ತಾಮ್ರ, ತವರ, ಚಿಟಿಕೆ ಫಾಸ್ಫರಸ್. 1974ರಲ್ಲಿ ಅಮೆರಿಕದ ಡಿ'ಅಡಾರಿಯೋ ಕಂಪನಿ ಇದನ್ನು ಗಿಟಾರಿಗೆ ತಂದಿತು. ಸದ್ದು ತುಸು ಬೆಚ್ಚಗೆ, ತುಂಬಿಕೊಂಡ ಹಾಗೆ, ಬಾಳಿಕೆಯೂ ಹೆಚ್ಚು.

ನಿಮ್ಮ ಗಿಟಾರ್ ಮಂಕಾಗಿ, ಹೊದಿಕೆಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತಾ? 80/20 ಹಾಕಿ. ಕಿರುಚುತ್ತಾ? ಫಾಸ್ಫರ್ ಬ್ರಾಂಜ್ ಹಾಕಿ. ಹಾಡುವವನ ಹಿಂದೆ ನುಡಿಸಲು ಫಾಸ್ಫರ್ ಬ್ರಾಂಜೇ ಹಿತ ಅನ್ನುವುದು ನನ್ನ ಕಿವಿಯ ತೀರ್ಪು. ನಿಮ್ಮ ಕಿವಿ ಬೇರೆ ಹೇಳಿದರೆ ನಿಮ್ಮದೇ ಸರಿ.

ತಂತಿಯ ಮೇಲೆ ತೆಳು ಪ್ಲಾಸ್ಟಿಕ್ಕಿನಂಥ ಲೇಪನ ಇರುವ 'ಕೋಟೆಡ್' ತಂತಿಗಳೂ ಇವೆ. 1990ರ ದಶಕದಲ್ಲಿ ಎಲಿಕ್ಸರ್ ಹೆಸರಿನಲ್ಲಿ ಬಂದು ಮನೆಮಾತಾದವು. ಬೆಲೆ ಜಾಸ್ತಿ, ಆಯುಸ್ಸೂ ಜಾಸ್ತಿ. ಕೈ ಬೆವರುವವರಿಗೆ, ಕರಾವಳಿಯವರಿಗೆ ಲೆಕ್ಕ ಹಾಕಿದರೆ ಲಾಭವೇ. ಮಿಕ್ಕವರು ಸಾಧಾರಣ ತಂತಿ ಕೊಂಡು, ನುಡಿಸುವ ಮುಂಚೆ ಕೈ ತೊಳೆದು, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಮಾಲಿನಲ್ಲಿ ಇಬ್ಬರು ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದು ಬರುವ ದುಡ್ಡಿಗೆ ಒಳ್ಳೆಯ ಸೆಟ್ ಬರುತ್ತೆ. ಆದರೆ ಹೆಸರಾಂತ ಬ್ರ್ಯಾಂಡುಗಳಿಗೆ ನಕಲಿ ಹಾವಳಿ ಇದೆ. ಅರ್ಧ ಬೆಲೆಗೆ ಕೊಡುತ್ತೇನೆ ಅಂದವನ ಹತ್ತಿರ ಕೊಳ್ಳಬೇಡಿ.

ಒಂದು ತಂತಿ ಹರಿದರೆ ಒಂದೇ ಬಿಡಿ ತಂತಿ ತಂದು ಹಾಕುವ ಚಾಳಿ ಎಲ್ಲರಿಗೂ ಇದೆ. ಮರುದಿನವೇ ಕಾರ್ಯಕ್ರಮ ಇದ್ದರೆ ಸರಿ. ಇಲ್ಲದಿದ್ದರೆ ಐದು ಮುದುಕರ ನಡುವೆ ಒಬ್ಬ ಹುಡುಗ ಕೂಗಿದ ಹಾಗೆ ಅದೊಂದೇ ಕೇಳಿಸುತ್ತೆ. ಪೂರ್ತಿ ಸೆಟ್ ಹಾಕಿ.

ಹೊಸ ತಂತಿಯಿಂದ ಪವಾಡ ಆಗುತ್ತಾ ಅಂದರೆ.... ಇಲ್ಲ. ಪ್ಲೈವುಡ್ ಹಲಗೆಯ ಗಿಟಾರ್ ತಂತಿ ಬದಲಾದ ಮಾತ್ರಕ್ಕೆ ರೋಸ್‌ವುಡ್ ಗಿಟಾರ್ ಆಗದು. ಆದರೆ ನಿಮ್ಮ ಗಿಟಾರಿನೊಳಗೆ ಇರುವ ಸದ್ದಷ್ಟೂ ಹೊರಗೆ ಬರುತ್ತೆ. ಅದನ್ನು ಕೇಳಿದ ಮೇಲೆ ಮಾರುವುದೋ ಬಿಡುವುದೋ ತೀರ್ಮಾನಿಸಿ.

ಹಾಕುವ ಕ್ರಮ: ಆರೂ ತಂತಿ ಒಟ್ಟಿಗೆ ಬಿಚ್ಚುವ ಅಗತ್ಯವಿಲ್ಲ, ಒಂದೊಂದಾಗಿ ಬದಲಾಯಿಸಿ. ಹಳೆಯದನ್ನು ಪೂರ್ತಿ ಸಡಿಲಿಸಿದ ಮೇಲೆಯೇ ಕತ್ತರಿಸಿ, ಬಿಗಿಯಾಗಿದ್ದಾಗ ಕತ್ತರಿಸಿದರೆ ಮುಖಕ್ಕೆ ಹೊಡೆಯುತ್ತೆ. ಹೊಸ ತಂತಿಯ ಗುಂಡು ಒಳಗಿನ ಹಲಗೆಗೆ ಕಚ್ಚಿ ಕೂತಿತೇ ಅಂತ ಎಳೆದು ನೋಡಿ, ಗೂಟ ಒತ್ತಿ. ಬಿರಡೆಗೆ ಎರಡು ಮೂರು ಸುತ್ತು ಸಾಕು, ಸುತ್ತು ಕೆಳಮುಖವಾಗಿ ಇಳಿಯಲಿ. ಶ್ರುತಿ ಮಾಡಿ, ತಂತಿಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ಮೊದಲ ಒಂದೆರಡು ದಿನ ಇಳಿಯುತ್ತಲೇ ಇರುತ್ತೆ. "ನಕಲಿ ಕೊಟ್ಟುಬಿಟ್ಟ!" ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ, ಹೊಸ ತಂತಿ ಹಿಗ್ಗುವುದೇ ಹಾಗೆ. ಕತ್ತರಿಸಿದ ತುದಿಗಳನ್ನು ಮಾತ್ರ ಆಗಲೇ ಎಣಿಸಿ ಪೊಟ್ಟಣ ಕಟ್ಟಿ ಎಸೆಯಿರಿ. ಬರಿಗಾಲಲ್ಲಿ ಓಡಾಡುವ ಮನೆ, ಅಮ್ಮನ ಕಾಲಿಗೆ ಒಂದು ಚುಚ್ಚಿದರೆ ಮಾರುವ ಪ್ರಶ್ನೆ ನಿಮ್ಮ ಕೈಯಲ್ಲಿ ಇರುವುದಿಲ್ಲ!