ಮಾರುಕಟ್ಟೆಯ ದರಫಲಕವೂ ಶಾಲೆಯ ಗಣಿತವೂ

ಪ್ರಾಥಮಿಕ ಶಾಲೆಯ ಗಣಿತದಲ್ಲಿ ಅಂಕಿಅಂಶಗಳಿಗೂ ಸ್ಥಾನ ದೊರೆತಿರುವುದು ನಮ್ಮ ವ್ಯಾಪಾರಿ ಬಂಧುಗಳಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಖ್ಯೆ, ಆಕಾರ, ಅಳತೆಗಳ ಜೊತೆಗೆ ದತ್ತಾಂಶ ನಿರ್ವಹಣೆಯನ್ನೂ ಕೆಳಗಿನ ತರಗತಿಗಳಿಗೆ ತಂದಿತು. ಮಕ್ಕಳು ಎಣಿಕೆಯ ಗೆರೆ ಹಾಕುತ್ತಾರೆ. ಚಿತ್ರನಕ್ಷೆ, ಸ್ತಂಭಾಲೇಖ ಬಿಡಿಸುತ್ತಾರೆ. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡಲಾಗಿ ಹಾಕುವ ಆ ಗುರುತು ಚೀಲ ಎಣಿಸುವ ಗುಮಾಸ್ತರಿಗೆ ಹೊಸದೇನಲ್ಲ.

ಆದರೆ ಪಾಠವು ಸಾಮಾನ್ಯವಾಗಿ ಯಾವ ಹಣ್ಣು ಇಷ್ಟ, ಯಾವ ಆಟ ಇಷ್ಟ ಎಂಬಲ್ಲಿಗೆ ನಿಂತುಬಿಡುತ್ತದೆ. ಸ್ತಂಭ ನೇರವಾಗಿದ್ದರೆ ಪೂರ್ಣ ಅಂಕ. ಆ ಅಂಕಿಗಳಿಂದ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಕೇಳುವ ರೂಢಿ ವಿರಳ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಊರಿನಲ್ಲಾದರೂ ಲೆಕ್ಕಕ್ಕೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲಬೇಕು.

ಬಸವಕಲ್ಯಾಣ, ಹುಮನಾಬಾದ್ ಮಾರುಕಟ್ಟೆಗಳ ತೊಗರಿ, ಸೋಯಾ, ಕಡಲೆಯ ದರವನ್ನೇ ತೆಗೆದುಕೊಳ್ಳಿ. ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳು ಪ್ರಕಟವಾಗುತ್ತವೆ. ಮಾದರಿ ಎಂದರೆ ಹೆಚ್ಚಿನ ಮಾಲು ಮಾರಾಟವಾದ ದರ, ಅದು ಸರಾಸರಿಯಲ್ಲ. 1 ಕ್ವಿಂಟಲ್ ತೊಗರಿ 7,800 ರೂಪಾಯಿಗೂ 9 ಕ್ವಿಂಟಲ್ ತೊಗರಿ 7,000 ರೂಪಾಯಿಯ ದರಕ್ಕೂ ಹೋಯಿತೆಂದು ಇಟ್ಟುಕೊಳ್ಳೋಣ. ಎರಡು ದರಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 7,400 ಬರುತ್ತದೆ. ತೂಕವನ್ನು ಲೆಕ್ಕಕ್ಕೆ ಹಿಡಿದರೆ ಸರಾಸರಿ 7,080 ಮಾತ್ರ. ಕ್ವಿಂಟಲಿಗೆ 320 ರೂಪಾಯಿಯ ಈ ಅಂತರವನ್ನು ಏಳನೆಯ ತರಗತಿಯ ಬಾಲಕಿಯೊಬ್ಬಳು ಕಾಗದದ ಮೇಲೆ ಕಂಡುಹಿಡಿಯಬಲ್ಲಳು. ಮಾದರಿ ದರವೆಂದರೇನೆಂಬುದನ್ನು ಅವಳಿಗೆ ಬೇರೆಯಾಗಿ ವಿವರಿಸಬೇಕಾಗಿಯೂ ಇಲ್ಲ.

ಹುಮನಾಬಾದಿನ ಕಾರ್ಖಾನೆಗಳವರಿಗೂ ಇದು ಸಂಬಂಧಿಸಿದ್ದೇ. ಒಂದು ಪಾಳಿಯಲ್ಲಿ 50ಕ್ಕೆ 5 ನಗ ಕೆಟ್ಟವು, ಮತ್ತೊಂದರಲ್ಲಿ 200ಕ್ಕೆ 8. ಎಂಟು ಐದಕ್ಕಿಂತ ದೊಡ್ಡದೆಂದು ಎರಡನೆಯ ಪಾಳಿಯವರನ್ನು ಗದರಿಸುವ ಮೇಲ್ವಿಚಾರಕ ಶೇಕಡಾ 10ಕ್ಕೂ ಶೇಕಡಾ 4ಕ್ಕೂ ಇರುವ ಭೇದವನ್ನು ಶಾಲೆಯಲ್ಲಿ ಕಲಿಯಲಿಲ್ಲ. ಬಡ್ಡಿ ಲೆಕ್ಕ ಮಾತ್ರ ಕಲಿತ.

ಇನ್ನೊಂದು ಎಚ್ಚರಿಕೆಯನ್ನೂ ಮಕ್ಕಳಿಗೆ ಹೇಳಿಕೊಡಬೇಕು. 2011ರ ಜನಗಣತಿಯ ಹುಮನಾಬಾದ್ ತಾಲೂಕಿನಲ್ಲಿ ಚಿಟಗುಪ್ಪವೂ ಬಸವಕಲ್ಯಾಣ ತಾಲೂಕಿನಲ್ಲಿ ಹುಲಸೂರೂ ಸೇರಿದ್ದವು. ಇವು ಪ್ರತ್ಯೇಕ ತಾಲೂಕುಗಳಾದ ಬಳಿಕದ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು "ಕುಸಿತ" ಎಂದು ಬರೆದರೆ, ಕುಸಿದದ್ದು ಗಡಿ ಮಾತ್ರ.

ರೈತರ ಮಕ್ಕಳು ದರದ ಲೆಕ್ಕ ಕಲಿತರೆ ಅಡತಿಯಲ್ಲಿ ತಕರಾರು ಹೆಚ್ಚೀತೆಂದು ಕೆಲವು ಸದಸ್ಯರು ಶಂಕಿಸಬಹುದು. ನಾನು ಇದನ್ನು ಒಪ್ಪಲಾರೆ. ತಕರಾರು ಮಾಡುವವರು ಲೆಕ್ಕ ಬಲ್ಲವರಲ್ಲ, ಗರಿಷ್ಠ ದರವೊಂದನ್ನೇ ಓದಿಕೊಂಡು ಗಾಡಿ ತುಂಬಿಕೊಂಡು ಬಂದವರು. ನಮ್ಮ ದರ ನ್ಯಾಯವಾಗಿದ್ದರೆ ಅದನ್ನು ಓದಬಲ್ಲ ಗಿರಾಕಿಯೇ ನಮಗೆ ಅನುಕೂಲ. ನ್ಯಾಯವಾಗಿಲ್ಲದಿದ್ದರೆ ಆ ಮಾತೇ ಬೇರೆ.

ಆದುದರಿಂದ ವಾಣಿಜ್ಯ ಸಂಸ್ಥೆಯು ಎರಡೂ ತಾಲೂಕುಗಳ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಒಂದು ತಿಂಗಳ ದರಪಟ್ಟಿ ಹಾಗೂ ಆವಕದ ವಿವರವನ್ನು ಕಳುಹಿಸಿಕೊಡಬೇಕೆಂದು ಸೂಚಿಸುತ್ತೇನೆ. ವರ್ತಕರ ಹೆಸರು ಅದರಲ್ಲಿ ಬೇಡ. ಶಿಕ್ಷಕರು ಬಯಸಿದಲ್ಲಿ ಲೆಕ್ಕಿಗರೊಬ್ಬರನ್ನು ಅರ್ಧ ದಿನ ಕಳುಹಿಸಿದರೆ ಸಾಕು. ಹೊಸ ತೊಗರಿ ಬರುವ ಜನವರಿಯಲ್ಲಿಯೇ ಆರಂಭಿಸಿದರೆ ವಾರ್ಷಿಕ ಪರೀಕ್ಷೆಗೆ ಮೊದಲೇ ಪಾಠ ಮುಗಿಯುತ್ತದೆ.