ಆಟದ ಇಂಗ್ಲಿಷ್ ಅಂಗಳದಲ್ಲೇ ಆಗಲಿ

ಬೋಧನಾಭ್ಯಾಸದಲ್ಲಿ ‘ಆಟದ ಮೈದಾನ’ ಎಂಬ ಇಂಗ್ಲಿಷ್ ಪಾಠ ಬಂದಾಗಲೆಲ್ಲ ಬಣ್ಣದ ಚಾರ್ಟೊಂದು ಸಿದ್ಧವಾಗುತ್ತದೆ: ಸ್ವಿಂಗ್, ಸ್ಲೈಡ್, ಸೀಸಾ, ಸ್ಯಾಂಡ್‌ಪಿಟ್. ಪ್ರಶಿಕ್ಷಣಾರ್ಥಿ ಕೋಲಿನಿಂದ ತೋರಿಸುತ್ತಾರೆ, ಮಕ್ಕಳು ‘ದಿಸ್ ಈಸ್ ಎ ಸ್ವಿಂಗ್’ ಎಂದು ಒಕ್ಕೊರಲಿನಿಂದ ಹೇಳುತ್ತಾರೆ. ಪಾಠ ಶಿಸ್ತಾಗಿ ಮುಗಿಯುತ್ತದೆ. ಮಗು ಇಂಗ್ಲಿಷ್ ಕಲಿಯಿತೇ ಎಂಬುದು ನನ್ನ ಪ್ರಶ್ನೆ.

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಇದೆ. ಆದರೆ ನರಗುಂದದ ಸುತ್ತಲಿನ ಹಳ್ಳಿಯ ಮಗುವಿಗೆ ಶಾಲೆಯ ಹೊರಗೆ ಆ ಭಾಷೆ ಕಿವಿಗೆ ಬೀಳುವುದು ಕಡಿಮೆ. ಆದ್ದರಿಂದ ನಾವು ಕೊಡುವ ನಾಲ್ಕು ಪದಗಳು ಬಳಕೆಗೆ ಬರುವಂಥವಾಗಿರಬೇಕು. ಸೀಸಾ ಕಾಣದ ಮಗುವಿಗೆ ಆ ಪದ ಬರೀ ಸದ್ದು. ಜೋಕಾಲಿ ಹಾಗಲ್ಲ, ನಾಗರ ಪಂಚಮಿಗೆ ಮರಕ್ಕೋ ಮನೆಯ ತೊಲೆಗೋ ಹಗ್ಗ ಕಟ್ಟಿ ಜೀಕಿದ ಅನುಭವ ನಮ್ಮ ಮಕ್ಕಳಿಗಿದೆ. ಪಾಠ ಅಲ್ಲಿಂದ ಶುರುವಾಗಲಿ.

ಕನ್ನಡದಲ್ಲಿ ವಸ್ತುವಿಗೆ ಜೋಕಾಲಿ, ಕ್ರಿಯೆಗೆ ಜೀಕು. ಇಂಗ್ಲಿಷಿನಲ್ಲಿ ಎರಡಕ್ಕೂ ಸ್ವಿಂಗ್. ಸ್ಲೈಡ್ ಕೂಡ ಹಾಗೆಯೇ. ಚಾರ್ಟು ವಸ್ತುವನ್ನಷ್ಟೇ ತೋರಿಸುತ್ತದೆ. ಆಡುವ ಮಗುವಿಗೆ ಬೇಕಾದದ್ದು ‘ಪುಶ್ ಮಿ’, ‘ಸ್ಟಾಪ್’, ‘ಮೈ ಟರ್ನ್’. ‘ಈಗ ನನ್ನ ಪಾಳಿ’ ಎಂದು ಜಗಳಕ್ಕೆ ನಿಂತ ಹುಡುಗನಿಗೆ ‘ಮೈ ಟರ್ನ್’ ಹೇಳಿಕೊಡಲು ಅನುವಾದವೂ ಬೇಡ.

ಜೋಕಾಲಿಯೂ ಇಲ್ಲದ ಶಾಲೆಯಲ್ಲಿ ನೆಲವೇ ಸಾಕು. ಕುಂಟಾಬಿಲ್ಲೆಯ ಮನೆ ಬರೆದರೆ ಹಾಪ್, ಜಂಪ್, ಲೈನ್ ಜೊತೆಗೆ ಎಣಿಕೆ; ಖೋ ಖೋದಲ್ಲಿ ಸಿಟ್, ರನ್, ಟಚ್. ಔಟ್ ಅಂತೂ ಮಕ್ಕಳ ನಾಲಿಗೆಯಲ್ಲಿ ಮೊದಲೇ ಇದೆ. ಹೇಳಿದ್ದನ್ನು ಮೈಯಿಂದ ಮಾಡಿ ತೋರಿಸುತ್ತ ಭಾಷೆ ಕಲಿಯುವ ಪದ್ಧತಿಯನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲೇ ಮುಂದಿಟ್ಟರು. ಪರೀಕ್ಷೆಯ ಉತ್ತರಗಳಲ್ಲಿ ಅವರ ಹೆಸರು ಬರುತ್ತದೆ. ಅಭ್ಯಾಸ ಪಾಠದಲ್ಲಿ ಆ ಪದ್ಧತಿ ಕಾಣುವುದು ಅಪರೂಪ.

ಕಾರಣ ವೀಕ್ಷಣಾ ನಮೂನೆಯ ಭಯ. ಮಕ್ಕಳು ಓಡಾಡಿದರೆ ‘ತರಗತಿ ನಿರ್ವಹಣೆ’ಯಲ್ಲಿ ಅಂಕ ಹೋಗಬಹುದು, ಚಾರ್ಟು ಇಲ್ಲದಿದ್ದರೆ ‘ಬೋಧನೋಪಕರಣ’ದಲ್ಲಿ. ಈ ಭಯ ಹೋಗಲಾಡಿಸಬೇಕಾದವರು ಬೋಧಕರಾದ ನಾವೇ.

ಚಾರ್ಟು ಬೇಡವೆಂದಲ್ಲ. ಆಡಿ ಒಳಗೆ ಬಂದ ಮೇಲೆ, ಆಡುತ್ತ ಹೇಳಿದ ಪದಗಳನ್ನು ಓದಲು, ಬರೆಯಲು ಅದು ಬರಲಿ. ನನ್ನ ಸಲಹೆ ಇಷ್ಟೇ: ಪ್ರತಿ ಪ್ರಶಿಕ್ಷಣಾರ್ಥಿಯ ಒಂದು ಇಂಗ್ಲಿಷ್ ಪಾಠವಾದರೂ ಅಂಗಳದಲ್ಲಿ ನಡೆಯಲಿ. ವೀಕ್ಷಕರು ಆ ದಿನ ಒಂದನ್ನು ತಪ್ಪದೆ ದಾಖಲಿಸಲಿ: ಯಾರೂ ಹೇಳಿಕೊಡದೆ, ತನಗೆ ಬೇಕಾಗಿ, ಇಂಗ್ಲಿಷ್ ಪದ ಬಳಸಿದ ಮಕ್ಕಳೆಷ್ಟು?