ಚುಚ್ಚುಮಾತು ಚಿಕ್ಕದಲ್ಲ

ಮದುವೆಮನೆಯಲ್ಲಿ ಉಪಚಾರ ಒಂದಿಷ್ಟು ಕಡಿಮೆಯಾದರೆ ಗಂಡಿನ ಕಡೆಯವರು ಮುನಿಸಿಕೊಳ್ಳುತ್ತಾರೆ. ಅದು ‘ಮರ್ಯಾದೆ’ಯ ಪ್ರಶ್ನೆ! ಅದೇ ಮನೆಯ ಸೊಸೆ, ‘ತವರಿಂದ ಏನು ತಂದೆ?’, ‘ಗಂಡು ಹೆರಲಿಲ್ಲ’ ಎಂಬ ದಿನನಿತ್ಯದ ಚುಚ್ಚುಮಾತಿಗೆ ನೊಂದರೆ, ‘ಇಷ್ಟಕ್ಕೇ ಅಳುವುದೇ?’ ಎನ್ನುತ್ತಾರೆ. ನೋಯುವ ಹಕ್ಕೂ ಗಂಡಿನ ಕಡೆಗೇ ಮೀಸಲೇ?

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೀಯಾಳಿಕೆ, ಅವಮಾನವೂ ದೌರ್ಜನ್ಯವೇ. ನೊಂದವಳೇ ಹೋಗಬೇಕೆಂದಿಲ್ಲ, ತಿಳಿದವರು ಯಾರಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ನಮ್ಮಲ್ಲಿ ಸಿಡಿಪಿಒಗೆ, ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಕೇಸು ಬೀಳುವುದಿಲ್ಲ.

ಸೋದರಿಯರೇ, ‘ಹೊಂದಿಕೊಂಡು ಹೋಗು’ ಎಂಬ ಬುದ್ಧಿವಾದ ಇನ್ನು ಸಾಕು. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆಗೆ ಈ ನೋವನ್ನೂ ಕೇಳೋಣ. ಒಬ್ಬಳೇ ಹೋಗಲು ಅಂಜಿದರೆ, ಅವಳನ್ನು ಕೇಳಿ, ಸಂಘವೇ ಹೋಗಲಿ!